ಎರಡು ಲೈನ್ ಇದೆ, ವೇಗ ಮಾತ್ರ ಒಂದರದ್ದೇ: ಕೊಡಗಿನ ಮನೆ, ಹೋಂಸ್ಟೇಗಳಿಗೆ ದೋಷ ನಿವಾರಣೆ ಕೈಪಿಡಿ

ಒಂದೇ ಇಂಟರ್ನೆಟ್ ಲೈನ್ ನಂಬಿಕೊಂಡರೆ ಕೆಲಸ ಕೆಡುತ್ತದೆ ಅನ್ನೋದು ಕೊಡಗಿನಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಗೊತ್ತು. ಅದಕ್ಕೇ ಮನೆಯಿಂದ ಕೆಲಸ ಮಾಡುವವರು ಫೈಬರ್ ಜೊತೆಗೆ ಒಂದು ಸಿಮ್ ರೂಟರ್ ಕೂಡ ಇಟ್ಟುಕೊಳ್ಳುತ್ತಾರೆ. ಹೋಂಸ್ಟೇಯವರು ಕಾಟೇಜಿಗೊಂದರಂತೆ ವೈಫೈ ಆಕ್ಸೆಸ್ ಪಾಯಿಂಟ್ ಹಾಕಿಸುತ್ತಾರೆ. ಆಮೇಲೆ ಬರುವ ದೂರು ಮಾತ್ರ ಎಲ್ಲ ಕಡೆಯೂ ಒಂದೇ: ಇಷ್ಟೆಲ್ಲ ದುಡ್ಡು ಹಾಕಿದರೂ ಸ್ಪೀಡ್ ಸೇರುತ್ತಿಲ್ಲ.

ಈ ಒಂದು ದೂರಿನ ಹಿಂದೆ ಬೇರೆ ಬೇರೆ ದೋಷಗಳಿರುತ್ತವೆ. ಕೆಲವು ಸಲ ದೋಷವೇ ಇರುವುದಿಲ್ಲ, ಸೇರಲಾರದ್ದನ್ನು ಸೇರಿಸಲು ಹೊರಟಿರುತ್ತೇವೆ ಅಷ್ಟೆ. ಹುಡುಕುವಾಗ ಹೊರಗಿನಿಂದ ಒಳಗೆ ಬನ್ನಿ. ಮೊದಲು ಲೈನ್, ಆಮೇಲೆ ವೈರ್, ಆಮೇಲೆ ವೈಫೈ, ಎಲ್ಲಕ್ಕಿಂತ ಕೊನೆಗೆ ರೂಟರಿನ ಸೆಟ್ಟಿಂಗ್. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸೆಟ್ಟಿಂಗ್ ಪುಟ ತೆಗೆದು ಸಿಕ್ಕಿದ್ದನ್ನೆಲ್ಲ ಒತ್ತಿ, ಮೊದಲು ಇದ್ದ ದೋಷದ ಮೇಲೆ ಇನ್ನೆರಡು ಹೊಸದು ಸೇರಿಸಿಕೊಳ್ಳುತ್ತಾರೆ.

ಎಣಿಸಬೇಕಾದ್ದು ಲೈನ್‌ಗಳನ್ನು, ಡಬ್ಬಗಳನ್ನಲ್ಲ

ಆಕ್ಸೆಸ್ ಪಾಯಿಂಟ್ ಇಂಟರ್ನೆಟ್ ತಯಾರಿಸುವುದಿಲ್ಲ. ಹೊರಗಿನಿಂದ ಬಂದದ್ದನ್ನು ಗಾಳಿಯಲ್ಲಿ ಹರಡುತ್ತದೆ, ಅಷ್ಟೇ ಅದರ ಕೆಲಸ. ಒಂದು 50 ಎಂಬಿಪಿಎಸ್ ಲೈನಿಗೆ ನಾಲ್ಕು ಪಾಯಿಂಟ್ ಹಾಕಿದರೆ ಎಲ್ಲ ಮೂಲೆಗೂ ಸಿಗ್ನಲ್ ಸಿಗುತ್ತದೆ, ಆದರೆ ಒಟ್ಟು ವೇಗ 50ಕ್ಕಿಂತ ಒಂದು ಚೂರೂ ಜಾಸ್ತಿ ಆಗುವುದಿಲ್ಲ. ವೇಗ ಕೂಡಬೇಕಾದರೆ ಹೊರಗಿನಿಂದ ಬರುವ ಲೈನ್‌ಗಳೇ ಎರಡಿರಬೇಕು.

ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಮನೆಯ ಅಕ್ಕ ಬಹಳ ನಂಬಿಕೆಯಿಂದ ಕೇಳಿದರು: "ನಾಲ್ಕು ಬಾಕ್ಸ್ ಇದೆಯಲ್ಲ, ನಾಲ್ಕರದ್ದೂ ಸೇರಲ್ವಾ?" ವೈರ್ ಹಿಡಿದುಕೊಂಡು ಹೋದರೆ ನಾಲ್ಕೂ ಮೆಟ್ಟಿಲ ಕೆಳಗಿನ, ಹಲವು ನೆಟ್‌ವರ್ಕ್ ವೈರ್ ಜೋಡಿಸುವ ಒಂದು ಸ್ವಿಚ್‌ಗೆ ಬಂದು ಸೇರುತ್ತಿದ್ದವು. ಆ ಸ್ವಿಚ್‌ನಿಂದ ಫೈಬರ್ ಡಬ್ಬಕ್ಕೆ ಹೋಗುತ್ತಿದ್ದದ್ದು ಒಂದೇ ವೈರ್. ಸ್ವಿಚ್‌ನ ಲೈಟ್‌ಗಳಲ್ಲಿ ಮೂರು ಹಸಿರು, ಒಂದು ಕಿತ್ತಳೆ. ಆ ಸ್ವಿಚ್‌ನಲ್ಲಿ ಹಸಿರು ಅಂದರೆ ಗಿಗಾಬಿಟ್ (1000 ಎಂಬಿಪಿಎಸ್), ಕಿತ್ತಳೆ ಅಂದರೆ 100 ಎಂಬಿಪಿಎಸ್. ಕಿತ್ತಳೆ ಲೈಟಿನ ವೈರ್ ಅಟ್ಟದ ಮೇಲೆ, ಕರಿಮೆಣಸಿನ ಚೀಲಗಳ ಹಿಂದೆ ಹಾದು ಹೋಗಿತ್ತು. ಅಲ್ಲಿ ಇಲಿ ಮೇಲಿನ ಸಿಪ್ಪೆ ಕಡಿದು ಒಳಗಿನ ಕಂದು ತಂತಿಯ ಜೋಡಿಯನ್ನು ತುಂಡು ಮಾಡಿತ್ತು.

ಈ ಇಲಿ ಕಡಿದ ವೈರಿನ ವಿಷಯ ಸ್ವಲ್ಪ ಗಮನಿಸಿ. ಇಂಥ ನೆಟ್‌ವರ್ಕ್ ವೈರಿನೊಳಗೆ, ಅಂದರೆ ಈಥರ್ನೆಟ್ ಕೇಬಲಿನೊಳಗೆ, ನಾಲ್ಕು ಜೋಡಿ ತಂತಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು. 100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಎರಡೇ ಸಾಕು. ಹಾಗಾಗಿ ನೀಲಿಯೋ ಕಂದೋ ಕಡಿದುಹೋದರೂ ಸಾಮಾನ್ಯವಾಗಿ ಲೈಟ್ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ ಬರುತ್ತಲೇ ಇರುತ್ತದೆ. ವೇಗ ಮಾತ್ರ 90-95ರ ಹತ್ತಿರ ಬಂದು ಗೋಡೆಗೆ ಬಡಿದ ಹಾಗೆ ನಿಲ್ಲುತ್ತದೆ. ಎಷ್ಟು ಲೈನ್ ಸೇರಿಸಿದರೂ ನಿಮ್ಮ ಅಳತೆ 95 ದಾಟುತ್ತಿಲ್ಲ ಅಂದರೆ ಮೊದಲು ಕೇಬಲ್ ಮತ್ತು ಪೋರ್ಟ್ ನೋಡಿ. ಕಡಿಮೆ ಬೆಲೆಯ ರೂಟರ್‌ಗಳಲ್ಲಿ ಪೋರ್ಟೇ 100 ಎಂಬಿಪಿಎಸ್‌ನದ್ದಾಗಿರುವುದೂ ಉಂಟು. ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದಿರುವುದು ವೈಫೈ ಲೆಕ್ಕ, ಪೋರ್ಟಿನ ಲೆಕ್ಕ ಅಲ್ಲ.

ಎರಡು ಲೈನ್ ನಿಜಕ್ಕೂ ಎರಡೇನಾ?

ಎರಡು ಕಂಪನಿಯ ಬಿಲ್ ಬರುತ್ತಿದ್ದ ಮಾತ್ರಕ್ಕೆ ಎರಡು ದಾರಿ ಇದೆ ಅಂತ ಅಲ್ಲ. ನಮ್ಮ ಕಡೆ ಫೈಬರ್ ಬರುವುದು ಬಹುತೇಕ ಕರೆಂಟ್ ಕಂಬಗಳ ಮೇಲೆ, ರಸ್ತೆ ಪಕ್ಕದಲ್ಲಿ. ಎರಡು ಕಂಪನಿಯ ಕೇಬಲ್ ಒಂದೇ ಕಂಬದ ಸಾಲಿನಲ್ಲಿ ಬಂದಿದ್ದರೆ ಒಂದು ಸಿಲ್ವರ್ ಓಕ್ ಬಿದ್ದರೆ ಸಾಕು, ಎರಡೂ ಹೋದವು. ಆನೆ ಬಿದಿರು ಎಳೆದು ಕಂಬದ ಮೇಲೆ ಕೆಡವಿದಾಗಲೂ ಅದೇ ಕಥೆ. ನಿಮ್ಮ ಗೇಟಿನಿಂದ ಮುಖ್ಯ ರಸ್ತೆ ತನಕ ಒಮ್ಮೆ ನಡೆದುಕೊಂಡು ಹೋಗಿ, ಕತ್ತೆತ್ತಿ ಕಂಬ ನೋಡಿ. ಯಾವ ಸೆಟ್ಟಿಂಗ್ ಪುಟದಲ್ಲೂ ಸಿಗದ ಮಾಹಿತಿ ಅಲ್ಲಿ ಸಿಗುತ್ತದೆ.

ಫೈಬರ್ ಜೊತೆ ಮೊಬೈಲ್ ಸಿಮ್ ಇಟ್ಟುಕೊಂಡರೆ ವಾಸಿ, ಆದರೆ ಅದೂ ಪೂರ್ತಿ ಬೇರೆ ದಾರಿ ಅಲ್ಲ. ಟವರಿಗೂ ಎಲ್ಲಿಂದಲೋ ಫೈಬರ್ ಬರಬೇಕು. ಕೆಲವು ಟವರ್‌ಗಳು ಮೈಕ್ರೋವೇವ್ ಡಿಶ್ ಮೂಲಕ ಇನ್ನೊಂದು ಟವರಿಗೆ ಸೇರಿರುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಮಂಗಳೂರು ರಸ್ತೆ ಕುಸಿದದ್ದು ನೆನಪಿದೆಯಲ್ಲ. ರಸ್ತೆಯೇ ಹೋದರೆ ಅದರ ಪಕ್ಕದಲ್ಲಿ ಹೂತಿದ್ದ ಕೇಬಲ್ ಉಳಿಯುವುದಿಲ್ಲ. ಎರಡು ಸಿಮ್ ಇಡುವುದಾದರೆ ಎರಡು ಬೇರೆ ಕಂಪನಿಯದ್ದು ಮಾತ್ರ ಸಾಲದು, ಸಾಧ್ಯವಾದರೆ ಎರಡು ಬೇರೆ ಗುಡ್ಡದ ಟವರ್ ಹಿಡಿಯುವಂತಿರಲಿ. ಮನೆಯ ಒಂದು ಪಕ್ಕದಿಂದ ನಾಪೋಕ್ಲು ಕಡೆಯ ಟವರ್ ಸಿಕ್ಕಿ, ಇನ್ನೊಂದು ಪಕ್ಕದಿಂದ ವಿರಾಜಪೇಟೆ ಕಡೆಯದ್ದು ಸಿಗುವ ಜಾಗಗಳೂ ಇವೆ.

ಕರೆಂಟ್ ಹೋಗಿ ಕೆಲವು ಗಂಟೆ ಆದ ಮೇಲೆ ಸಿಮ್ ಲೈನ್ ಸತ್ತರೆ ನಿಮ್ಮ ರೂಟರನ್ನು ಬೈಯಬೇಡಿ. ಟವರಿನ ಬ್ಯಾಟರಿ ಮುಗಿದಿರುತ್ತದೆ.

ಒಂದೊಂದನ್ನೇ ಬಿಡಿಯಾಗಿ ಅಳೆಯಿರಿ

ಎರಡು ಲೈನ್ ಸೇರಿಸಲು ಒಂದು ರೂಟರ್ ಇಟ್ಟಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರ ಫೈಬರ್ ಡಬ್ಬಕ್ಕೆ ಚುಚ್ಚಿ ಅಳೆಯಿರಿ. ಆಮೇಲೆ ಸಿಮ್ ರೂಟರಿಗೆ ಚುಚ್ಚಿ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರಿಂದ ಹತ್ತರ ನಡುವೆ ಒಮ್ಮೆ. ರಾತ್ರಿ ಟವರ್ ಮೇಲೆ ಊರಿನವರೆಲ್ಲ ಇರುತ್ತಾರೆ, ಆಗ ಸಿಗುವ ಸಂಖ್ಯೆಯೇ ನಿಮ್ಮ ನಿಜವಾದ ಸಂಖ್ಯೆ. ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ಮತ್ತು ಪಿಂಗ್ ಸಮಯವನ್ನೂ (ಕಳಿಸಿದ ಸಣ್ಣ ಪರೀಕ್ಷಾ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು) ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಲೆಕ್ಕಕ್ಕೂ ಇವು ಬೇಕು.

ಫೈಬರ್ ಡಬ್ಬದಲ್ಲಿ 'ಲಾಸ್' (LOS) ಅನ್ನುವ ಕೆಂಪು ಲೈಟ್ ಉರಿದರೆ ಬೆಳಕೇ ಬರುತ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ. ಕೆಂಪು ಇಲ್ಲ, ಆದರೆ 'ಪಾನ್' (PON) ಲೈಟ್ ಮಿಟುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆ ಕಡೆಯ ಯಂತ್ರದ ಜೊತೆ ನೋಂದಣಿ ಆಗುತ್ತಿಲ್ಲ. ಡಬ್ಬದ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಸಂಖ್ಯೆ ಇರುತ್ತದೆ. ಮೈನಸ್ 27 ಡಿಬಿಎಂ ಆಸುಪಾಸು ಅಂದರೆ ಅಂಚಿನ ಮೇಲೆ ನಿಂತಿದೆ. ಬಿಸಿಲಿರುವಾಗ ಮೈನಸ್ 22 ತೋರಿಸಿ, ಮಳೆ ಬಂದಾಗ ಮೈನಸ್ 28ಕ್ಕೆ ಇಳಿದರೆ ಕಂಬದ ಮೇಲಿನ ಜೋಡಣೆ ಡಬ್ಬಕ್ಕೆ ನೀರು ಇಳಿದಿರಬಹುದು, ಇಲ್ಲವೇ ಗಾಳಿಗೆ ಕೇಬಲ್ ಬಾಗುತ್ತಿರಬಹುದು. ಕಂಪನಿಗೆ ಫೋನ್ ಮಾಡಿದಾಗ "ನೆಟ್ ಸ್ಲೋ" ಅನ್ನಬೇಡಿ, ಈ ಎರಡು ಸಂಖ್ಯೆ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಸಿಮ್ ರೂಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ (RSRP), ಅಂದರೆ ಟವರ್ ಸಿಗ್ನಲ್ಲಿನ ಬಲ, ನೋಡಿ. ಮೈನಸ್ 80ರ ಹತ್ತಿರ ಇದ್ದರೆ ಬಹಳ ಚೆನ್ನಾಗಿದೆ, ಮೈನಸ್ 100 ಪರವಾಗಿಲ್ಲ, ಮೈನಸ್ 110ಕ್ಕಿಂತ ಕೆಳಗೆ ಹೋದರೆ ಕಷ್ಟ. ಅದರ ಪಕ್ಕದಲ್ಲಿ ಎಸ್‌ಐಎನ್‌ಆರ್ (SINR), ಅಂದರೆ ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಅನ್ನುವ ಅಳತೆ, ಇರುತ್ತದೆ, ಅದು ಸೊನ್ನೆಗಿಂತ ಕೆಳಗಿದ್ದರೆ ಕಡ್ಡಿ ನಾಲ್ಕಿದ್ದರೂ ಉಪಯೋಗವಿಲ್ಲ. ರೂಟರನ್ನು ಟಿವಿ ಪಕ್ಕದಿಂದ ಎತ್ತಿ ಟವರ್ ಕಡೆಯ ಕಿಟಕಿಗೆ ತನ್ನಿ. ತಗಡಿನ ಮಾಡಿನ ಕೆಳಗಿದ್ದರೆ ಹೊರಗಿನ ಆಂಟೆನಾ ಹಾಕಿಸಿ. ಆಂಟೆನಾ ಬೇರೆ, ಆನ್‌ಲೈನ್‌ನಲ್ಲಿ ಮಾರುವ 'ಸಿಗ್ನಲ್ ಬೂಸ್ಟರ್' ಬೇರೆ. ಲೈಸೆನ್ಸ್ ಇಲ್ಲದೆ ಬೂಸ್ಟರ್ ಇಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಅಕ್ಕಪಕ್ಕದ ಮನೆಗಳ ಸಿಗ್ನಲ್ಲನ್ನೂ ಅದು ಕೆಡಿಸುತ್ತದೆ.

ಮಳೆ ಬಂದರೆ ವೈಫೈ, 4ಜಿ ಎಲ್ಲ ಕಡಿಮೆ ಆಗುತ್ತದೆ ಅಂತ ಮಾತಿದೆ. ಈ ಅಲೆಗಳಿಗೆ ಮಳೆ ಹನಿಯಿಂದ ಹೇಳಿಕೊಳ್ಳುವಷ್ಟು ತೊಂದರೆ ಇಲ್ಲ. ಒದ್ದೆ ಎಲೆ ತಡೆಯುತ್ತದೆ, ಆಂಟೆನಾ ಕನೆಕ್ಟರಿಗೆ ನೀರು ಇಳಿಯುತ್ತದೆ, ಕರೆಂಟ್ ಹೋಗುತ್ತದೆ. ಟವರಿನ ಮೈಕ್ರೋವೇವ್ ಡಿಶ್‌ಗೆ ಮಾತ್ರ ಜೋರು ಮಳೆ ನೇರವಾಗಿ ತಾಗುತ್ತದೆ.

ಗಾಳಿಯ ದಾರಿ

ಲೈನ್ ಎರಡೂ ಸರಿ ಇವೆ, ಕೇಬಲ್‌ನಲ್ಲಿ ಅಳೆದರೆ ಸರಿ ಬರುತ್ತದೆ, ಫೋನಿನಲ್ಲಿ ಮಾತ್ರ ಇಲ್ಲ. ಹಾಗಾದರೆ ದೋಷ ವೈಫೈನಲ್ಲಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ನಾಲ್ಕು ಪಾಯಿಂಟೂ 'ಆಟೋ'ದಲ್ಲಿದ್ದು ಎಲ್ಲವೂ 6ರಲ್ಲೇ ಕೂತಿದ್ದರೆ, ಒಂದು ಮಾತಾಡುವಾಗ ಉಳಿದ ಮೂರು ಬಾಯಿ ಮುಚ್ಚಿಕೊಂಡಿರಬೇಕು. ಫೋನಿನಲ್ಲಿ ಒಂದು ವೈಫೈ ಅನಲೈಸರ್ ಆಪ್ ಹಾಕಿಕೊಂಡು ಮನೆ ಸುತ್ತಿದರೆ ತಿಳಿಯುತ್ತದೆ. ಕೈಯಾರೆ 1, 6, 11 ಅಂತ ಹಂಚಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ.

ವೈರ್ ಎಳೆಯಲು ಬೇಜಾರಾಗಿ ರಿಪೀಟರ್ ಹಾಕಿದ್ದರೆ ಇನ್ನೊಂದು ನಷ್ಟ ಇದೆ. ಒಂದೇ ರೇಡಿಯೋ ಇರುವ ರಿಪೀಟರ್ ಅದೇ ಚಾನೆಲ್‌ನಲ್ಲಿ ಕೇಳಿ, ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು. ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಅದರ ಹಿಂದೆ ಇನ್ನೊಂದು ರಿಪೀಟರ್ ಅಂದರೆ ಅರ್ಧದ ಅರ್ಧ. ಕೊಡವರ ಹಿರಿಯರ ಐನ್‌ಮನೆಯಂಥ ದಪ್ಪ ಗೋಡೆಯ ಹಳೇ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಅಲ್ಲಿ ಪ್ರತಿ ಕೋಣೆಗೆ ವೈರ್ ಎಳೆಯುವುದೇ ವಾಸಿ. ಮನೆಯಿಂದ ಕಾಟೇಜಿಗೆ ತೋಟದ ನಡುವೆ ಎಳೆಯುವುದಾದರೆ ತಾಮ್ರದ ಕೇಬಲ್ ಬೇಡ, ಫೈಬರ್ ಹಾಕಿ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಉದ್ದದ ತಾಮ್ರದ ವೈರ್ ಎರಡೂ ತುದಿಯ ಡಬ್ಬಗಳನ್ನು ಒಟ್ಟಿಗೆ ಸುಡುತ್ತದೆ.

ಒಂದೇ ಲ್ಯಾಪ್‌ಟಾಪಿಗೆ ಎರಡು ವೈಫೈ

ಬಹಳ ಜನಕ್ಕೆ ಹೊಳೆಯುವ ಮೊದಲ ಉಪಾಯ ಇದು. ಮನೆಯ ವೈಫೈಗೂ ಫೋನಿನ ಹಾಟ್‌ಸ್ಪಾಟ್‌ಗೂ ಒಟ್ಟಿಗೆ ಸೇರಿದರೆ ಎರಡರದ್ದೂ ಸಿಗಬೇಕಲ್ವಾ?

ಲ್ಯಾಪ್‌ಟಾಪಿನ ಒಂದು ವೈಫೈ ಕಾರ್ಡ್ ಮಾಮೂಲಾಗಿ ಒಂದು ನೆಟ್‌ವರ್ಕಿಗೆ ಮಾತ್ರ ಸೇರುತ್ತದೆ. ಒಂದೇ ಕಾರ್ಡಿನಲ್ಲಿ ಹಲವು ಆಕ್ಸೆಸ್ ಪಾಯಿಂಟ್‌ಗಳ ವೇಗ ಕೂಡಿಸುವ ಪ್ರಯತ್ನ 2008ರಲ್ಲೇ ಆಗಿದೆ. ಅಮೆರಿಕದ ಎಂಐಟಿಯ ಸಂಶೋಧಕರು 'ಫ್ಯಾಟ್‌ವ್ಯಾಪ್' ಅನ್ನುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರೆದಿದ್ದರು. ಅದರ ಉಪಾಯ ತಮಾಷೆಯಾಗಿದೆ: ಒಂದು ಪಾಯಿಂಟಿಗೆ "ನಾನು ಮಲಗಿದ್ದೇನೆ, ನನ್ನ ಪ್ಯಾಕೆಟ್ (ಡೇಟಾದ ತುಣುಕು) ಇಟ್ಟುಕೊಂಡಿರು" ಅಂತ ಬ್ಯಾಟರಿ ಉಳಿತಾಯದ ಸೂಚನೆ ಕಳಿಸಿ, ಆ ಹೊತ್ತಿನಲ್ಲಿ ಇನ್ನೊಂದರ ಹತ್ತಿರ ಮಾತಾಡಿ ಬರುವುದು. ಅದು ನಮ್ಮ ದಿನಬಳಕೆಯ ಲ್ಯಾಪ್‌ಟಾಪಿಗೆ ಬರಲಿಲ್ಲ. ಈಗ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಎರಡು ವೈಫೈಗೆ ಒಟ್ಟಿಗೆ ಸೇರುವ ಸೌಲಭ್ಯ ಇದೆ, ಒಂದು 2.4ರಲ್ಲಿ, ಇನ್ನೊಂದು 5ರಲ್ಲಿ. ಹೊಸ ವೈಫೈ 7ರಲ್ಲಿ ಹಲವು ಬ್ಯಾಂಡ್ ಒಟ್ಟಿಗೆ ಬಳಸುವ ಕ್ರಮ ಇದೆ ನಿಜ. ಆದರೆ ಅದು ಒಂದು ಆಕ್ಸೆಸ್ ಪಾಯಿಂಟಿನ ಜೊತೆಗಿನ ಮಾತು, ಎರಡು ಬೇರೆ ಇಂಟರ್ನೆಟ್ ಲೈನ್ ಕೂಡಿಸುವ ಮಾತಲ್ಲ.

ಸರಿ, ಒಂದು ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿ ಎರಡಕ್ಕೂ ಸೇರಿದಿರಿ. ಆದರೂ ವೇಗ ಒಂದರದ್ದೇ. ಕಾರಣ, ವಿಂಡೋಸ್ ಪ್ರತಿ ಕನೆಕ್ಷನ್‌ಗೂ 'ಮೆಟ್ರಿಕ್' ಅಂತ ಒಂದು ಅಂಕ ಕೊಡುತ್ತದೆ. ಯಾವುದಕ್ಕೆ ಅಂಕ ಕಡಿಮೆಯೋ ಹೊರಗೆ ಹೋಗುವುದೆಲ್ಲ ಅದರ ಮೂಲಕ, ಇನ್ನೊಂದು ಸುಮ್ನೆ ಕೂತಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ರೂಟ್ ಪ್ರಿಂಟ್' (route print) ಆಜ್ಞೆ ಕೊಟ್ಟರೆ 0.0.0.0 ಅಂತ ಶುರುವಾಗುವ ಎರಡು ಸಾಲು, ಪಕ್ಕದಲ್ಲಿ ಈ ಅಂಕಗಳು ಕಾಣುತ್ತವೆ. ಎರಡಕ್ಕೂ ಒಂದೇ ಅಂಕ ಕೊಟ್ಟು ಕೂಡಿಸಬಹುದು ಅಂತ ಹೇಳುವವರಿದ್ದಾರೆ. ನಂಬಿಕೊಂಡು ಕೆಲಸಕ್ಕೆ ಕೂರುವಂಥ ಉಪಾಯ ಅಲ್ಲ ಅದು. ಎರಡು ಕನೆಕ್ಷನ್ ಆಯ್ದು 'ಬ್ರಿಡ್ಜ್' ಒತ್ತುವುದಂತೂ ಬೇಡವೇ ಬೇಡ. ಬ್ರಿಡ್ಜ್ ಎರಡು ನೆಟ್‌ವರ್ಕನ್ನು ಒಂದು ಮಾಡುತ್ತದೆ, ವೇಗವನ್ನು ಕೂಡಿಸುವುದಿಲ್ಲ. ಎರಡೂ ಒಂದೇ ರೂಟರಿಗೆ ಸೇರಿದ್ದರೆ ಪ್ಯಾಕೆಟ್‌ಗಳು ಗಾಣ ಸುತ್ತಿ ಮನೆಯ ನೆಟ್‌ವರ್ಕನ್ನೇ ಮಲಗಿಸಬಹುದು.

ಕೂಡಿಸುವ ಕೆಲಸ ಲ್ಯಾಪ್‌ಟಾಪಿಗೆ ಬಿಡದೆ ರೂಟರಿಗೆ ಕೊಡಿ.

ಹಂಚುವ ರೂಟರ್ ಹಂಚುತ್ತಿಲ್ಲ

ಎರಡು ವ್ಯಾನ್ ಪೋರ್ಟ್ (ಹೊರಗಿನ ಲೈನ್ ಚುಚ್ಚುವ ಜಾಗ) ಇರುವ ರೂಟರ್ ತೆಗೆದುಕೊಂಡಿದ್ದೀರಿ, ಇಲ್ಲವೇ ಹಳೇ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ತಂತ್ರಾಂಶ ಹಾಕಿ ಅದರಲ್ಲಿ ಲೈನ್ ಹಂಚುವ ಎಂವ್ಯಾನ್3 ಕೂರಿಸಿದ್ದೀರಿ, ಇಲ್ಲವೇ ಮೈಕ್ರೋಟಿಕ್ ಕಂಪನಿಯ ರೂಟರ್ ಇದೆ. ಫೈಬರ್ 40, ಸಿಮ್ 20 ಅಂದುಕೊಳ್ಳಿ. ಒಂದು ದೊಡ್ಡ ಫೈಲ್ ಇಳಿಸಿದರೆ 60 ಬರುತ್ತಿಲ್ಲ, 40 ಅಥವಾ 20 ಬರುತ್ತಿದೆ. ಇದು ದೋಷ ಅಲ್ಲ.

ಈ ರೂಟರ್‌ಗಳು ಹಂಚುವುದು ಕನೆಕ್ಷನ್‌ಗಳನ್ನು, ಅಂದರೆ ಆಪ್ ಅಥವಾ ಪುಟ ಹೊರಗಿನ ಸರ್ವರ್ ಜೊತೆ ಶುರುಮಾಡುವ ಒಂದೊಂದು ಮಾತುಕತೆಯನ್ನು. ಒಂದು ಕನೆಕ್ಷನ್ ಒಂದು ದಾರಿ ಹಿಡಿದರೆ ಮುಗಿಯುವ ತನಕ ಅದೇ ದಾರಿ. ಮಡಿಕೇರಿಯಿಂದ ಹುಣಸೂರಿಗೆ ಹೊರಟ ಕಾಫಿ ಲಾರಿ ಕುಶಾಲನಗರದ ಮೇಲೆ ಹೋಗಬಹುದು, ಗೋಣಿಕೊಪ್ಪದ ಮೇಲೂ ಹೋಗಬಹುದು, ಒಂದೇ ಲಾರಿ ಎರಡರಲ್ಲೂ ಹೋಗಲಾರದು. ನಾಲ್ಕು ಲಾರಿ ಇದ್ದರೆ ಮಾತ್ರ ಎರಡು ರಸ್ತೆಯ ಲಾಭ. ಹಾಗಾಗಿ ಹತ್ತು ಅತಿಥಿಗಳಿರುವ ಹೋಂಸ್ಟೇಗೆ ಈ ಹಂಚಿಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಒಬ್ಬನೇ ಕೂತು ಒಂದು ವಿಡಿಯೋ ಕರೆ ಮಾಡುವವನಿಗೆ ವೇಗ ಹೆಚ್ಚುವುದಿಲ್ಲ. ಹಿಂದೆ ಬ್ರೌಸರ್‌ಗಳು ಒಂದು ತಾಣಕ್ಕೆ ಆರು ಕನೆಕ್ಷನ್ ತನಕ ತೆರೆಯುತ್ತಿದ್ದವು, ಆಗ ಒಂದೇ ಪುಟದಲ್ಲೂ ಸ್ವಲ್ಪ ಲಾಭ ಕಾಣುತ್ತಿತ್ತು. ಬ್ರೌಸರ್ ತಾಣದ ಜೊತೆ ಮಾತಾಡುವ ಹೊಸ ಕ್ರಮ ಎಚ್‌ಟಿಟಿಪಿ 2 ಬಂದ ಮೇಲೆ ಒಂದು ತಾಣಕ್ಕೆ ಸಾಮಾನ್ಯವಾಗಿ ಒಂದೇ ಕನೆಕ್ಷನ್. ಆ ಲಾಭವೂ ಹೋಯಿತು.

ಹಂಚಿಕೆ ನಿಜಕ್ಕೂ ನಡೆಯುತ್ತಿದೆಯಾ ಅಂತ ನೋಡಲು ಸ್ಪೀಡ್ ಟೆಸ್ಟನ್ನು 'ಮಲ್ಟಿ' ಕನೆಕ್ಷನ್‌ನಲ್ಲಿ ಇಟ್ಟು ಓಡಿಸಿ, ಆಮೇಲೆ 'ಸಿಂಗಲ್'ನಲ್ಲಿ ಇಟ್ಟು ಓಡಿಸಿ. ಮಲ್ಟಿಯಲ್ಲಿ 55, ಸಿಂಗಲ್‌ನಲ್ಲಿ 38 ಬಂದರೆ ಎಲ್ಲ ಸರಿ ಇದೆ, ಸುಮ್ನೆ ಬಿಡಿ. ಎರಡರಲ್ಲೂ 38 ಬಂದರೆ ಹುಡುಕಬೇಕು. ಅದೇ ಹೊತ್ತಿಗೆ ರೂಟರ್ ಪುಟದಲ್ಲಿ ಎರಡು ವ್ಯಾನ್‌ಗಳ ಗ್ರಾಫ್ ತೆರೆದಿಡಿ. ಒಂದು ಗೆರೆ ಮಾತ್ರ ಏರಿ ಇನ್ನೊಂದು ನೆಲದ ಮೇಲೇ ಇದ್ದರೆ ಅದು ಸ್ಟ್ಯಾಂಡ್‌ಬೈನಲ್ಲಿದೆ, ಹಂಚಿಕೆಯಲ್ಲಿಲ್ಲ. ಕೆಲವು ರೂಟರ್‌ಗಳಲ್ಲಿ 'ಫೇಲ್‌ಓವರ್' (ಒಂದು ಸತ್ತಾಗ ಇನ್ನೊಂದು) ಮತ್ತು 'ಲೋಡ್ ಬ್ಯಾಲೆನ್ಸ್' (ಎರಡಕ್ಕೂ ಹಂಚಿಕೆ) ಬೇರೆ ಬೇರೆ ಬಟನ್.

ಇನ್ನೊಂದು ಮಾಮೂಲು ದೋಷ ತೂಕದ್ದು, ಅಂದರೆ ಯಾವ ಲೈನಿಗೆ ಎಷ್ಟು ಪಾಲು ಅನ್ನುವುದರದ್ದು. 40 ಮತ್ತು 10ರ ಲೈನ್‌ಗೆ ಸಮ ತೂಕ ಕೊಟ್ಟರೆ ಅರ್ಧ ಕನೆಕ್ಷನ್ ಬಡಪಾಯಿ ಸಿಮ್ ಮೇಲೆ ಬೀಳುತ್ತದೆ. ಒಂದು ಪುಟ ಸರ್ರನೆ ತೆರೆದು ಇನ್ನೊಂದು ಏದುಸಿರು ಬಿಡುತ್ತದೆ, ರಿಫ್ರೆಶ್ ಮಾಡಿದರೆ ಅದೇ ಪುಟ ಸರ್ರನೆ ಬರುತ್ತದೆ. ಈ ಲಕ್ಷಣ ಕಂಡರೆ ತೂಕವನ್ನು 4ಕ್ಕೆ 1ರಂತೆ ಇಡಿ. ನೀವು ರಾತ್ರಿ ಅಳೆದು ಬರೆದಿಟ್ಟ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ವಿಚಿತ್ರ ಲಕ್ಷಣಗಳು, ಅವುಗಳ ಮೂಲ

ಮಧ್ಯಾಹ್ನದ ತನಕ ಎಲ್ಲ ಚೆನ್ನಾಗಿದ್ದು ಆಮೇಲೆ ಅರ್ಧ ಪುಟಗಳು ಸಿಕ್ಕಿಹಾಕಿಕೊಂಡರೆ ಸಿಮ್ಮಿನ ದಿನದ ಡೇಟಾ ಮುಗಿದಿದೆಯಾ ನೋಡಿ. ಹಲವು ಪ್ಲಾನ್‌ಗಳಲ್ಲಿ ಡೇಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದು ಹುಡುಕಲು ಬಹಳ ಕಷ್ಟದ ದೋಷ. ಯಾಕಂದರೆ ಪಿಂಗ್ ಹೋಗುತ್ತಲೇ ಇರುತ್ತದೆ, ರೂಟರ್ ಕಣ್ಣಿಗೆ ಲೈನ್ ಜೀವಂತ. ಅದು ಕನೆಕ್ಷನ್‌ಗಳನ್ನು ಆ ಕಡೆಗೆ ಕಳಿಸುತ್ತಲೇ ಇರುತ್ತದೆ.

ಬ್ಯಾಂಕಿನ ತಾಣ ಮತ್ತೆ ಮತ್ತೆ ಲಾಗ್ಔಟ್ ಮಾಡಿದರೆ, ನಿಮ್ಮ ಒಂದು ಕನೆಕ್ಷನ್ ಫೈಬರಿನ ವಿಳಾಸದಿಂದ, ಮುಂದಿನದು ಸಿಮ್ಮಿನ ವಿಳಾಸದಿಂದ ಹೋಗುತ್ತಿದೆ. ಬ್ಯಾಂಕಿಗೆ ಅದು ಕಳ್ಳನ ಹಾಗೆ ಕಾಣುತ್ತದೆ. ರೂಟರಿನಲ್ಲಿ ಒಂದು ತಾಣಕ್ಕೆ ಒಂದೇ ಲೈನ್ ಅಂಟಿಸುವ 'ಸ್ಟಿಕಿ' ಅನ್ನುವ ಆಯ್ಕೆ ಹಾಕಿ, ಇಲ್ಲವೇ ಕೆಲಸದ ಲ್ಯಾಪ್‌ಟಾಪನ್ನು ಫೈಬರಿಗೇ ಕಟ್ಟಿಹಾಕಿ. ಆಫೀಸಿನ ವಿಪಿಎನ್ ಬಳಸುವವರಿಗೂ ಇದೇ ಮದ್ದು.

ಎರಡು ಕಂಪನಿಯ ಡಬ್ಬವೂ 192.168.1.1 ವಿಳಾಸದಲ್ಲೇ ಬಂದಿದ್ದರೆ ಹಂಚುವ ರೂಟರಿಗೆ ಯಾವ ಕಡೆ ಯಾವುದು ಅಂತ ತಿಳಿಯುವುದಿಲ್ಲ. ಒಂದನ್ನು 192.168.20.1 ಮಾಡಿ. ಎರಡನೇ ರೂಟರನ್ನು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ವೈರ್ ಚುಚ್ಚುವ ಜಾಗಕ್ಕೆ) ಹಾಗೇ ಚುಚ್ಚಿ ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸದೆ ಬಿಟ್ಟಿದ್ದರೆ ಮನೆಯಲ್ಲಿ ಇಬ್ಬರು ಯಜಮಾನರು. ಕೆಲವು ಫೋನ್ ಇವನ ಮಾತು ಕೇಳುತ್ತವೆ, ಕೆಲವು ಅವನ ಮಾತು. ವೈಫೈ ಆಫ್-ಆನ್ ಮಾಡಿದಾಗ ಫೋನಿನ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ) ವಿಳಾಸ ಬದಲಾಗುತ್ತಿದ್ದರೆ ಇದೇ ದೋಷ. ಆಕ್ಸೆಸ್ ಪಾಯಿಂಟಾಗಿ ಬಳಸುವ ರೂಟರಿನಲ್ಲಿ ಡಿಎಚ್‌ಸಿಪಿ ಆಫ್ ಇರಬೇಕು.

ಲೈಟ್ ಎಲ್ಲ ಹಸಿರು, ತಾಣದ ಹೆಸರು ಕೊಟ್ಟರೆ ಕೆಲವು ಸಲ ತೆರೆಯುವುದಿಲ್ಲ ಅಂದರೆ ಡಿಎನ್ಎಸ್ (ತಾಣದ ಹೆಸರನ್ನು ಅಂಕೆಯ ವಿಳಾಸ ಮಾಡಿಕೊಡುವ ಸರ್ವರ್) ನೋಡಿ. ಕೆಲವು ಕಂಪನಿಗಳ ಡಿಎನ್ಎಸ್ ತಮ್ಮ ಗ್ರಾಹಕರಿಗೆ ಮಾತ್ರ ಉತ್ತರ ಕೊಡುತ್ತದೆ. ಪ್ರಶ್ನೆ ಇನ್ನೊಂದು ಲೈನಿನಿಂದ ಹೋದರೆ ಮೌನ. 1.1.1.1 ಅಥವಾ 8.8.8.8 ಹಾಕಿದರೆ ಮುಗಿಯಿತು.

ಹಂಚಿಕೆ ಸರಿ ಇದ್ದರೂ ಯೂಟ್ಯೂಬ್ ಮಾತ್ರ ಯಾವಾಗಲೂ ಒಂದೇ ಲೈನ್ ಹಿಡಿದರೆ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಬಗೆ, ಹಳೆಯದು ಐಪಿವಿ4) ಮೇಲೆ ಅನುಮಾನ ಇರಲಿ. ನಿಮ್ಮ ಹಂಚಿಕೆ ನಿಯಮಗಳು ಐಪಿವಿ4ಗೆ ಮಾತ್ರ ಬರೆದಿದ್ದು, ಐಪಿವಿ6 ಅವುಗಳ ಕಣ್ಣು ತಪ್ಪಿಸಿ ಪಕ್ಕದ ಬಾಗಿಲಿನಿಂದ ಹೋಗುತ್ತಿರುತ್ತದೆ. ಒಳಗಿನ ನೆಟ್‌ವರ್ಕಿನಲ್ಲಿ ಐಪಿವಿ6 ನಿಲ್ಲಿಸಿ ನೋಡಿ. ಗ್ರಾಫ್ ಸಮ ಆದರೆ ಕಾರಣ ಸಿಕ್ಕಿತು.

ಲೈನ್ ಸತ್ತಿದೆ, ರೂಟರಿಗೆ ಗೊತ್ತಿಲ್ಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಜಾಸ್ತಿ ಕಾಡುವುದು ಇದು. ಫೈಬರ್ ಎಲ್ಲೋ ತೋಟದಾಚೆ ತುಂಡಾಗಿದೆ, ಆದರೆ ಫೈಬರ್ ಡಬ್ಬ ಇನ್ವರ್ಟರ್ ಮೇಲೆ ಬದುಕಿದೆ. ಹಂಚುವ ರೂಟರ್ ಬರೀ ಆ ಡಬ್ಬವನ್ನು ಪಿಂಗ್ ಮಾಡಿ "ಲೈನ್ ಇದೆ" ಅಂದುಕೊಳ್ಳುತ್ತದೆ. ಪರೀಕ್ಷೆಯ ವಿಳಾಸ ಮನೆಯಿಂದ ಹೊರಗಿನದ್ದಾಗಿರಬೇಕು, ಅದೂ ಒಂದಲ್ಲ, ಎರಡು. ಒಂದೇ ವಿಳಾಸ ಇಟ್ಟರೆ ಆ ಸರ್ವರ್ ಉತ್ತರ ಕೊಡದ ದಿನ ಎರಡೂ ಲೈನ್ ಸತ್ತಿವೆ ಅಂತ ರೂಟರ್ ತೀರ್ಮಾನಿಸುತ್ತದೆ.

ಇದರ ಉಲ್ಟಾ ದೋಷವೂ ಇದೆ. ಗಾಳಿಮಳೆಗೆ ಸಿಮ್ ಲೈನ್ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ರೂಟರ್ ಪ್ರತಿ ಸಲವೂ ಕನೆಕ್ಷನ್‌ಗಳನ್ನು ಅತ್ತಿತ್ತ ಎಸೆಯುತ್ತದೆ. ಬಿಡಲು ಬೇಗ, ನಂಬಲು ನಿಧಾನ ಅನ್ನುವ ಹಾಗೆ ಇಡಿ. ಐದು ಸೆಕೆಂಡಿಗೊಂದು ಪಿಂಗ್, ಮೂರು ತಪ್ಪಿದರೆ ಲೈನ್ ಬಿಡು, ಎಂಟು-ಹತ್ತು ಸರಿಯಾಗಿ ಬಂದ ಮೇಲೆ ಮಾತ್ರ ಮತ್ತೆ ಹಿಡಿ. ಸತ್ತ ಲೈನ್ ಮೇಲಿದ್ದ ವಿಡಿಯೋ ಕರೆ ತಾನಾಗಿ ಇನ್ನೊಂದಕ್ಕೆ ಹಾರುವುದಿಲ್ಲ, ಹೊರಗಿನ ವಿಳಾಸವೇ ಬದಲಾಗುವುದರಿಂದ ಆ ಕನೆಕ್ಷನ್ ಮುರಿಯಲೇಬೇಕು. ಹಲವು ಆಪ್‌ಗಳು ಕೆಲವು ಸೆಕೆಂಡ್ ಒದ್ದಾಡಿ ತಾವಾಗಿ ಮತ್ತೆ ಸೇರಿಕೊಳ್ಳುತ್ತವೆ. ಅಷ್ಟು ಸಾಕಾದರೆ ಇಲ್ಲಿಗೇ ನಿಲ್ಲಿಸಿ. ಕೊಡಗಿನ ಬಹುಪಾಲು ಮನೆಗಳಿಗೆ ತೂಕ ಹಾಕಿದ ಹಂಚಿಕೆ ಮತ್ತು ಸರಿಯಾದ ಫೇಲ್‌ಓವರ್ ಇದ್ದರೆ ಬೇರೇನೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಿಜವಾಗಿ ಕೂಡಿಸುವುದು: ಬಾಂಡಿಂಗ್

ಒಂದೇ ಕನೆಕ್ಷನ್ ಎರಡೂ ಲೈನ್ ಮೇಲೆ ಹರಿಯಬೇಕು, ಒಂದು ಸತ್ತರೂ ಕರೆ ಮುರಿಯಬಾರದು ಅಂದರೆ ಬಾಂಡಿಂಗ್ ಬೇಕು. ಅದಕ್ಕೆ ಆ ಕಡೆ ಇನ್ನೊಂದು ಯಂತ್ರ ಇರಲೇಬೇಕು. ನಿಮ್ಮ ರೂಟರ್ ಪ್ಯಾಕೆಟ್‌ಗಳನ್ನು ಒಡೆದು ಎರಡು ಲೈನಿನಲ್ಲಿ ಕಳಿಸುತ್ತದೆ, ಬೆಂಗಳೂರಿನಲ್ಲೋ ಮುಂಬೈಯಲ್ಲೋ ಬಾಡಿಗೆಗೆ ಪಡೆದ ಒಂದು ಸರ್ವರ್ ಅವನ್ನು ಜೋಡಿಸಿ ಮುಂದೆ ಕಳಿಸುತ್ತದೆ. ಸ್ಪೀಡಿಫೈ ಅಂಥ ಆಪ್‌ಗಳು ಆ ಸರ್ವರನ್ನು ತಾವೇ ಕೊಡುತ್ತವೆ. ಓಪನ್ಎಂಪಿಟಿಸಿಪಿರೂಟರ್ ಅನ್ನುವ ತಂತ್ರಾಂಶ ಬಳಸಿದರೆ ಸರ್ವರ್ ನಿಮ್ಮದೇ. ಅದರ ಒಳಗಿರುವ ಮಲ್ಟಿಪಾತ್ ಟಿಸಿಪಿ, ಅಂದರೆ ಒಂದೇ ಕನೆಕ್ಷನ್ನನ್ನು ಹಲವು ದಾರಿಯಲ್ಲಿ ಹರಿಸುವ ಕ್ರಮ, ಹೊಸದೇನಲ್ಲ. 2013ರಲ್ಲೇ ಆಪಲ್ ಐಒಎಸ್ 7ರಲ್ಲಿ ತನ್ನ ಧ್ವನಿ ಸಹಾಯಕಿ 'ಸಿರಿ'ಗೆ ಬಳಸಿತ್ತು, 2020ರಲ್ಲಿ ಲಿನಕ್ಸ್ 5.6ರ ಮೂಲ ಕರ್ನಲ್‌ಗೆ ಸೇರಿತು. ಆಫೀಸುಗಳಲ್ಲಿ ಎರಡು ಸ್ವಿಚ್ ನಡುವೆ ಎರಡು ಕೇಬಲ್ ಕೂಡಿಸುವ 'ಎಲ್ಎಸಿಪಿ' ಬೇರೆ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಎರಡು ಕೇಬಲ್‌ಗಳೂ ಆ ತುದಿಯ ಒಂದೇ ಯಂತ್ರಕ್ಕೆ ಹೋಗಬೇಕು. ನಿಮ್ಮ ಲೈನ್‌ಗಳು ಎರಡು ಬೇರೆ ಕಂಪನಿಗೆ ಹೋಗುತ್ತವೆ.

ಬಾಂಡಿಂಗ್ ಹಾಕಿದ ಮೇಲೆ ವೇಗ ಫೈಬರ್ ಒಂದರದ್ದಕ್ಕಿಂತಲೂ ಕಡಿಮೆ ಆದರೆ ಪಿಂಗ್ ಸಮಯ ನೋಡಿ. ಫೈಬರಿನದ್ದು 15 ಮಿಲಿಸೆಕೆಂಡ್, ಸಿಮ್ಮಿನದ್ದು 120 ಅಂದುಕೊಳ್ಳಿ. ಬೇಗ ಬಂದ ಪ್ಯಾಕೆಟ್‌ಗಳು ತಡವಾಗಿ ಬರುವವಕ್ಕೆ ಕಾಯುತ್ತಾ ಕೂರಬೇಕು, ಇಲ್ಲದಿದ್ದರೆ ಸಾಲು ತಪ್ಪುತ್ತದೆ. ಟನಲ್ ಒಳಗೆ, ಅಂದರೆ ನಿಮ್ಮ ರೂಟರಿನಿಂದ ಆ ಸರ್ವರಿಗೆ ಹೋಗುವ ಕೂಡು ದಾರಿಯಲ್ಲಿ, ಸಿಮ್ ಲೈನನ್ನು ಆಫ್ ಮಾಡಿ ಅಳೆಯಿರಿ. ವೇಗ ಏರಿದರೆ ಸಿಮ್ಮನ್ನು ಬ್ಯಾಕಪ್ ಅಂತ ಗುರುತು ಮಾಡಿಬಿಡಿ, ಫೈಬರ್ ಸತ್ತಾಗ ಮಾತ್ರ ಬರಲಿ.

ಚಿಕ್ಕ ಪುಟ ತೆರೆಯುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ ಅಂದರೆ ದೋಷ ಎಂಟಿಯುನಲ್ಲಿದೆ, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿಯಲ್ಲಿ. ಸಾಮಾನ್ಯ ಲೈನಿನ ಪ್ಯಾಕೆಟ್ ಅಳತೆ 1500 ಬೈಟ್. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಫೈಬರಿನಲ್ಲಿ ಅದು 1492, ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಟನಲ್ ಮಾಮೂಲಾಗಿ 1420. ಪಿಂಗ್ ಆಜ್ಞೆಗೆ ಪ್ಯಾಕೆಟ್ ತುಂಡು ಮಾಡಬಾರದು ಅನ್ನುವ ಆಯ್ಕೆ ಕೊಟ್ಟು 1472ರಿಂದ ಇಳಿಸುತ್ತಾ ಬನ್ನಿ. ಯಾವ ಸಂಖ್ಯೆಯಲ್ಲಿ ಮೊದಲು ಉತ್ತರ ಬರುತ್ತದೋ ಅದಕ್ಕೆ 28 ಸೇರಿಸಿದರೆ ನಿಮ್ಮ ಎಂಟಿಯು. ರೂಟರಿನಲ್ಲಿ ಅದನ್ನು ಹಾಕಿ, ಪ್ಯಾಕೆಟ್ ಆ ಮಿತಿ ಮೀರದಂತೆ ನೋಡುವ ಎಂಎಸ್ಎಸ್ ಕ್ಲ್ಯಾಂಪಿಂಗ್ ಆನ್ ಮಾಡಿ.

ಒಟಿಟಿ ಆಪ್ ಸಿನಿಮಾ ತೋರಿಸಲು ಒಪ್ಪದಿದ್ದರೆ ಅದಕ್ಕೆ ನಿಮ್ಮ ವಿಳಾಸ ಡೇಟಾ ಸೆಂಟರಿನದ್ದಾಗಿ ಕಾಣುತ್ತಿದೆ. ಟಿವಿಯನ್ನು ಟನಲಿನಿಂದ ಹೊರಗಿಟ್ಟು ನೇರ ಫೈಬರಿಗೆ ಬಿಡಿ.

ಲೈನ್ ಬದಲಿಸಿದರೂ ಸಿಮ್ ಬದಲಿಸಿದರೂ ವೇಗ ಒಂದೇ ಸಂಖ್ಯೆಯಲ್ಲಿ ನಿಂತರೆ ರೂಟರಿನ ಪ್ರೊಸೆಸರ್ ಪುಟ ತೆರೆದು ಇನ್ನೊಮ್ಮೆ ಸ್ಪೀಡ್ ಟೆಸ್ಟ್ ಓಡಿಸಿ. ಅದು 100 ಶೇಕಡ ತಲುಪಿದರೆ ಟನಲಿನ ಗೂಢಲಿಪಿ ಲೆಕ್ಕ ಮಾಡಲು ಆ ರೂಟರಿಗೆ ತ್ರಾಣ ಇಲ್ಲ. ಹೊಸ ರೂಟರ್ ಕೊಳ್ಳುವ ಮೊದಲು ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ನೋಡಿ. ಓಪನ್ಎಂಪಿಟಿಸಿಪಿರೂಟರ್ ಅದರ ಮೇಲೆ ಓಡುತ್ತದೆ, ಬ್ಯಾಟರಿ ಇನ್ನೂ ಹಿಡಿಯುತ್ತಿದ್ದರೆ ಕರೆಂಟ್ ಹೋದಾಗಲೂ ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಈಥರ್ನೆಟ್ ಪೋರ್ಟ್ ಒಂದೇ ಇರುತ್ತದೆ. ಎರಡು ಲೈನ್ ಮತ್ತು ಒಳಗಿನ ನೆಟ್‌ವರ್ಕಿಗೆ ಇನ್ನೆರಡು ಯುಎಸ್‌ಬಿ 3 ಗಿಗಾಬಿಟ್ ಅಡಾಪ್ಟರ್ ಬೇಕಾಗುತ್ತದೆ. ಯುಎಸ್‌ಬಿ 2ರದ್ದು ತರಬೇಡಿ, ಆ ಪೋರ್ಟಿಗೂ ಚುಚ್ಚಬೇಡಿ.